ಕಾವಲು ಗಡಿಯಲ್ಲಿ ಮಾತ್ರವಲ್ಲ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು 2005ರಲ್ಲಿ ಇಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವನು. ಆಮೇಲೆ ಪಿಯುಸಿ, ಬಿಇ ಮಾಡಿ, ಈಗ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಕಾರ್ಯಕ್ರಮದ ಸಮಿತಿಯವರು ಫೋನ್ ಮಾಡಿ, "ಕಂಪ್ಯೂಟರ್ ಬಗ್ಗೆ, ಕೆಲಸ ಸಿಗುವ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳಪ್ಪ" ಅಂದರು. ಅದನ್ನು ಹೇಳುವವರು ಇವತ್ತು ಬೇಕಾದಷ್ಟು ಜನ ಇದ್ದಾರೆ. 2025ರ ಮೇ ತಿಂಗಳಿಂದ ನನ್ನ ತಲೆಯಲ್ಲಿ ಬೇರೊಂದು ವಿಷಯ ಕೊರೆಯುತ್ತಿದೆ. ದೇಶ, ಯುದ್ಧ, ನಮ್ಮಂಥ ಸಾಮಾನ್ಯ ಜನರ ಹೊಣೆ, ಈ ಮೂರರ ಬಗ್ಗೆ ಮಾತಾಡುತ್ತೇನೆ ಅಂದೆ. ಅವರು ಸ್ವಲ್ಪ ಯೋಚನೆ ಮಾಡಿ, "ಪಾರ್ಟಿ ವಿಷಯ ಮಾತ್ರ ಬೇಡ" ಅಂದರು. ಒಪ್ಪಿಕೊಂಡಿದ್ದೇನೆ. ನಾನು ಯಾವ ಪಕ್ಷದ ಪರವಾಗಿಯೂ ಬಂದಿಲ್ಲ.

ಮೊದಲು ನಮ್ಮ ಊರಿನ ಹೆಸರನ್ನೇ ನೋಡೋಣ. ಶ್ರೀಗಂಧದ ಕಾವಲ್. ಹಳೆಯ ಮೈಸೂರು ಸೀಮೆಯಲ್ಲಿ ಕಾವಲು ಎಂದರೆ ದನಕರುಗಳ ಮೇವಿಗೆಂದು ಮೀಸಲಿಟ್ಟು, ಜನ ಇಟ್ಟು ಕಾಯುತ್ತಿದ್ದ ಹುಲ್ಲುಗಾವಲು. ಅಮೃತಮಹಲ್ ಕಾವಲುಗಳ ಬಗ್ಗೆ ಹಿರಿಯರಿಗೆ ಗೊತ್ತಿರುತ್ತದೆ. ಇವತ್ತು ಇಲ್ಲಿ ಹುಲ್ಲೂ ಇಲ್ಲ, ಗಂಧವೂ ಇಲ್ಲ. ಸುಂಕದಕಟ್ಟೆಯಿಂದ ನಾಗರಬಾವಿವರೆಗೆ ಮನೆಯ ಮೇಲೆ ಮನೆ. ಆದರೂ ಹೆಸರಿನಲ್ಲಿ ಕಾವಲು ಉಳಿದಿದೆ.

ಗಂಧದ ಮರದ ಕಥೆಯಲ್ಲೂ ಒಂದು ಪಾಠ ಇದೆ. 1792ರಲ್ಲಿ ಟಿಪ್ಪು ಸುಲ್ತಾನ್ ಶ್ರೀಗಂಧವನ್ನು ರಾಜವೃಕ್ಷ ಎಂದು ಘೋಷಿಸಿದ. ಅಲ್ಲಿಂದ ಮುಂದೆ ಮೈಸೂರು ಅರಸರ ಕಾಲದಲ್ಲೂ, ಸ್ವಾತಂತ್ರ್ಯ ಬಂದ ಮೇಲೂ, ಯಾರ ಹೊಲದಲ್ಲಿ ಬೆಳೆದರೂ ಗಂಧದ ಮರ ಸರ್ಕಾರದ್ದೇ. 2001ರಲ್ಲಿ ಕರ್ನಾಟಕದ ಅರಣ್ಯ ಕಾಯ್ದೆಗೆ ತಿದ್ದುಪಡಿ ಆದ ಮೇಲಷ್ಟೇ ಬೆಳೆದವನಿಗೆ ಅದರ ಒಡೆತನ ಸಿಕ್ಕಿತು. ಇದರ ಪರಿಣಾಮ ಏನಾಯಿತು? ತಾನಾಗಿ ಮೊಳೆತ ಗಂಧದ ಸಸಿಯನ್ನೂ "ನಾಳೆ ಕೇಸು ಗೀಸು ಆದರೆ ಯಾಕೆ ಬೇಕು" ಅಂತ ಕಿತ್ತು ಹಾಕುತ್ತಿದ್ದರಂತೆ. ಕಳ್ಳರು ಕಡಿದರೆ ಹೊಲದವನಿಗೆ ನಷ್ಟವಿಲ್ಲ, ಉಳಿದರೆ ಲಾಭವಿಲ್ಲ. ಇನ್ನು ಕಾಯುವವರು ಯಾರು? 'ಸರ್ಕಾರದ್ದು' ಅಂದ ತಕ್ಷಣ ಅದು ಯಾರದ್ದೂ ಅಲ್ಲ ಎನ್ನುವ ಅಭ್ಯಾಸ ನಮಗೆ ಆಗಲೇ ಬಂದಿರಬೇಕು. ಅದು ಈಗಲೂ ಹೋಗಿಲ್ಲ. ಸರ್ಕಾರಿ ಶಾಲೆ, ಸರ್ಕಾರಿ ಆಸ್ಪತ್ರೆ, ಸರ್ಕಾರಿ ಕೆರೆ, ಕೊನೆಗೆ ಸರ್ಕಾರವೂ ಕೂಡ ನಮ್ಮದಲ್ಲ ಎಂಬಂತೆ ಬದುಕುತ್ತೇವೆ.

ದೇಶ ನಮ್ಮದು ಅಂತ ನಮಗೆ ಯಾವಾಗ ಅನ್ನಿಸುತ್ತದೆ? ಯುದ್ಧ ಬಂದಾಗ.

2025ರ ಏಪ್ರಿಲ್ 22ರಂದು ಕಾಶ್ಮೀರದ ಪಹಲ್ಗಾಮ್‌ನಲ್ಲಿ ಭಯೋತ್ಪಾದಕರು 26 ಜನರನ್ನು ಕೊಂದರು. ಶಿವಮೊಗ್ಗದಿಂದ ಹೆಂಡತಿ ಮಗನ ಜೊತೆ ಪ್ರವಾಸಕ್ಕೆ ಹೋದವರು, ನಮ್ಮ ಬೆಂಗಳೂರಿನವರು ಅವರಲ್ಲಿದ್ದರು. ಮೇ 7ರ ಬೆಳಗಿನ ಜಾವ ನಮ್ಮ ಸೇನೆ ಆಪರೇಷನ್ ಸಿಂಧೂರ ನಡೆಸಿ ಒಂಬತ್ತು ಕಡೆ ದಾಳಿ ಮಾಡಿತು. ಮೇ 10ರ ಸಂಜೆ ಗುಂಡು ನಿಲ್ಲಿಸುವ ಒಪ್ಪಂದವಾಯಿತು. ಈ ನಾಲ್ಕು ದಿನ ಗಡಿಯಲ್ಲಿ ಏನಾಯಿತು ಎಂಬುದನ್ನು ಸೈನ್ಯದವರು ಹೇಳಬೇಕು. ಇಲ್ಲಿ, ನಮ್ಮ ಕೈಯಲ್ಲಿರುವ ಫೋನಿನಲ್ಲಿ ಏನಾಯಿತು ಎಂಬುದನ್ನು ನಾನು ಹೇಳಬಲ್ಲೆ.

ನನ್ನ ಜೊತೆ ಒಂದೇ ಬೆಂಚಿನಲ್ಲಿ ಕುಳಿತು ಓದಿದ ಗೆಳೆಯನೊಬ್ಬ ಸೈನ್ಯದಲ್ಲಿದ್ದಾನೆ. ಹೆಸರು ಹೇಳುವುದಿಲ್ಲ, ಹೇಳಬಾರದು. ಆ ದಿನಗಳಲ್ಲಿ ಅವನು ಗಡಿಯ ಹತ್ತಿರ ಇದ್ದ. ಅವನ ತಾಯಿ ಇರುವುದು ನಮ್ಮ ಮನೆಯಿಂದ ಎರಡು ಕ್ರಾಸ್ ಆಚೆ. ಮೇ 8ರ ರಾತ್ರಿ ಹನ್ನೊಂದು ಗಂಟೆ ದಾಟಿದ ಮೇಲೆ ಅವರು ನನಗೆ ಫೋನ್ ಮಾಡಿದರು. "ಅಪ್ಪಾ, ನೀನು ಕಂಪ್ಯೂಟರ್ ಓದಿದವನು, ಇದು ನಿಜಾನಾ ನೋಡಿ ಹೇಳು" ಅಂದರು. ಯಾರೋ ಸಂಬಂಧಿಕರು ಅವರಿಗೆ ಒಂದು ವಿಡಿಯೊ ಕಳಿಸಿದ್ದರು. ರಾತ್ರಿ ಹೊತ್ತು ಆಕಾಶದಲ್ಲಿ ಬೆಂಕಿಯ ಗೆರೆಗಳು, ಕೆಳಗೆ ಸ್ಫೋಟ, 'ನಮ್ಮ ಪೋಸ್ಟ್ ಮೇಲೆ ದಾಳಿ' ಅಂತ ಬರಹ. ಮಗನ ಫೋನು ಎರಡು ದಿನದಿಂದ ಸ್ವಿಚ್ ಆಫ್. ಆ ತಾಯಿಗೆ ಹೇಗಾಗಿರಬೇಡ!

ನಾನು ಆ ವಿಡಿಯೊದ ಚಿತ್ರಗಳನ್ನು ಒಂದೊಂದಾಗಿ ಗೂಗಲ್ ಲೆನ್ಸ್‌ನಲ್ಲಿ ಹಾಕಿ ನೋಡಿದೆ. ಹತ್ತು ನಿಮಿಷ ಆಗಲಿಲ್ಲ, ಸಿಕ್ಕಿತು. ಅದು ಒಂದು ವಿಡಿಯೊ ಗೇಮಿನ ದೃಶ್ಯ. ಹುಡುಗರು ಆಡುವ ಆಟ! "ಅಮ್ಮಾ, ಇದು ಸುಳ್ಳು, ಆಟದ ಚಿತ್ರ" ಅಂದೆ. ಸ್ವಲ್ಪ ಹೊತ್ತು ಅವರು ಮಾತಾಡಲೇ ಇಲ್ಲ. ಆಮೇಲೆ, "ಇದನ್ನ ಕಳಿಸಿದೋರಿಗೆ ನನ್ನ ಮಗ ಅಲ್ಲಿರೋದು ಗೊತ್ತಪ್ಪ" ಅಂದರು. ಆ ಒಂದು ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಅದೇ ರಾತ್ರಿ ದೊಡ್ಡ ದೊಡ್ಡ ಟಿವಿ ವಾಹಿನಿಗಳು ನಮ್ಮ ನೌಕಾಪಡೆ ಕರಾಚಿ ಬಂದರನ್ನು ಧ್ವಂಸ ಮಾಡಿದೆ ಎಂದು ಕೂಗಿದವು. ಬೆಳಗಾದರೆ ಕರಾಚಿ ಬಂದರು ಇದ್ದಲ್ಲೇ ಇತ್ತು. ಸೇನೆಯ ಚಲನವಲನ ತೋರಿಸಬೇಡಿ ಎಂದು ಸರ್ಕಾರವೇ ವಾಹಿನಿಗಳಿಗೆ ಸೂಚನೆ ಕೊಟ್ಟಿತ್ತು. ಅದಕ್ಕೆ ಕಾರಣ ಇದೆ. 2008ರಲ್ಲಿ ಮುಂಬೈ ಮೇಲೆ ದಾಳಿ ಆದಾಗ ಕಮಾಂಡೊಗಳು ಎಲ್ಲಿ ಇಳಿಯುತ್ತಿದ್ದಾರೆ ಎಂಬುದನ್ನು ಟಿವಿಗಳು ನೇರವಾಗಿ ತೋರಿಸಿದವು. ಗಡಿಯಾಚೆ ಕುಳಿತು ಭಯೋತ್ಪಾದಕರನ್ನು ಫೋನಿನಲ್ಲಿ ನಡೆಸುತ್ತಿದ್ದವರಿಗೂ ಅದೇ ಟಿವಿ ಕಾಣುತ್ತಿತ್ತು. ಮುಂದೆ ಸುಪ್ರೀಂ ಕೋರ್ಟ್ ಕೂಡ ಕಸಬ್ ಪ್ರಕರಣದ ತೀರ್ಪಿನಲ್ಲಿ ವಾಹಿನಿಗಳ ಈ ನಡವಳಿಕೆಯನ್ನು ಕಟುವಾಗಿ ಟೀಕಿಸಿತು. ಆ ದಾಳಿಯಲ್ಲಿ ನಮ್ಮ ಬೆಂಗಳೂರಿನ ಮೇಜರ್ ಸಂದೀಪ್ ಉನ್ನಿಕೃಷ್ಣನ್ ತಾಜ್ ಹೋಟೆಲಿನಲ್ಲಿ ಪ್ರಾಣ ಕೊಟ್ಟರು. ಈಗ ಟಿವಿ ಕ್ಯಾಮೆರಾ ನಮ್ಮೆಲ್ಲರ ಜೇಬಿನಲ್ಲೂ ಇದೆ.

ಕೆಲವು ದಿನ ಕಳೆದು ಗೆಳೆಯ ಫೋನ್ ಮಾಡಿದ. ನಾನು ಏನೇನೋ ಕೇಳಿದೆ, ಅವನು ಏನೂ ಹೇಳಲಿಲ್ಲ. ಕೊನೆಗೆ ಒಂದೇ ಮಾತು ಹೇಳಿದ: "ನಾವು ಇಲ್ಲಿ ನೋಡ್ಕೋತೀವಿ ಕಣೋ. ನೀವು ಅಲ್ಲಿ ನಮ್ಮಮ್ಮನ್ನ ಹೆದರಿಸದೆ ಇದ್ರೆ ಸಾಕು."

ಮಕ್ಕಳೇ, ಯುದ್ಧ ಎಂದರೆ ಕ್ರಿಕೆಟ್ ಮ್ಯಾಚ್ ಅಲ್ಲ. ಕಾರ್ಗಿಲ್‌ನಲ್ಲಿ ನಾವು ಗೆದ್ದೆವು. ಆ ಗೆಲುವಿಗೆ 527 ಯೋಧರು ಪ್ರಾಣ ಕೊಟ್ಟರು. 2025ರ ಮೇ ತಿಂಗಳಲ್ಲಿ ಪೂಂಛ್‌ನಲ್ಲಿ ಆಚೆಯಿಂದ ಬಿದ್ದ ಶೆಲ್ಲುಗಳಿಗೆ ತಮ್ಮ ಪಾಡಿಗೆ ಮನೆಯಲ್ಲಿದ್ದ ಜನ, ಮಕ್ಕಳು ಸತ್ತರು. ಯುದ್ಧ ನಮ್ಮದೇ ಆಗಬೇಕಿಲ್ಲ. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್ ನಗರದಲ್ಲಿ, ಹಾವೇರಿ ಜಿಲ್ಲೆ ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯ ಹುಡುಗ, ವೈದ್ಯಕೀಯ ಓದಲು ಹೋಗಿದ್ದವನು, ಊಟದ ಸಾಮಾನು ತರಲು ಹೊರಗೆ ಬಂದಿದ್ದಾಗ ದಾಳಿಗೆ ಸಿಕ್ಕಿ ಸತ್ತ. ದೇಹ ಊರಿಗೆ ಬರಲು ಸುಮಾರು ಮೂರು ವಾರ ಬೇಕಾಯಿತು. ತಂದೆತಾಯಿ ಅದನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು. ರಷ್ಯಾಕ್ಕೂ ಉಕ್ರೇನಿಗೂ ಜಗಳ, ಮಗನನ್ನು ಕಳೆದುಕೊಂಡದ್ದು ಚಳಗೇರಿ.

ಯುದ್ಧ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಮನೆಗೆ ನುಗ್ಗಿ ಹೊಡೆಯುವವರಿದ್ದರೆ ತಡೆಯಲೇಬೇಕು. ಆದರೆ ಅದನ್ನು ಹಬ್ಬದಂತೆ ನೋಡಬಾರದು. ನಮ್ಮ ಕೊಡಗಿನ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ವಿಷಯ ನಿಮಗೆ ಗೊತ್ತಿರಬಹುದು. 1949ರ ಜನವರಿ 15ರಂದು ಭಾರತದ ಸೇನೆಯ ಮೊದಲ ಭಾರತೀಯ ದಂಡನಾಯಕರಾದವರು ಅವರು. 1965ರ ಯುದ್ಧದಲ್ಲಿ ವಾಯುಪಡೆಯಲ್ಲಿದ್ದ ಅವರ ಮಗ ಪಾಕಿಸ್ತಾನಕ್ಕೆ ಸೆರೆ ಸಿಕ್ಕರು. ಆಗ ಪಾಕಿಸ್ತಾನದ ಅಧ್ಯಕ್ಷರಾಗಿದ್ದ ಅಯೂಬ್ ಖಾನ್ ಹಿಂದೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದವರು. ಮಗನನ್ನು ಬಿಟ್ಟು ಕಳಿಸಲು ಅವರು ಮುಂದೆ ಬಂದಾಗ, ಸೆರೆಯಲ್ಲಿರುವ ಎಲ್ಲ ಸೈನಿಕರೂ ನನ್ನ ಮಕ್ಕಳೇ, ಒಬ್ಬನಿಗೆ ಬೇರೆ ನ್ಯಾಯ ಬೇಡ ಎಂಬ ಅರ್ಥದ ಉತ್ತರ ಕೊಟ್ಟರಂತೆ. ಜೀವಮಾನವಿಡೀ ಯುದ್ಧ ಕಂಡ ಮನುಷ್ಯನ ಮಾತು ಹಾಗಿರುತ್ತದೆ. ನಾವೋ, ಮೇ 10ರಂದು ಗುಂಡು ನಿಂತ ಸುದ್ದಿಯನ್ನು ಸರ್ಕಾರದ ಪರವಾಗಿ ಓದಿ ಹೇಳಿದ ವಿದೇಶಾಂಗ ಕಾರ್ಯದರ್ಶಿಯನ್ನೇ ದ್ರೋಹಿ ಅಂತ ಬೈದೆವು. ಅವರ ಮಗಳನ್ನೂ ಬಿಡಲಿಲ್ಲ. ಬೈದವರಲ್ಲಿ ಎಷ್ಟು ಜನರ ಮನೆಯಿಂದ ಒಬ್ಬರಾದರೂ ಗಡಿಗೆ ಹೋಗಿದ್ದರು?

ಇನ್ನೊಂದು ಮಾತು. ಯುದ್ಧದ ಸಮಯದಲ್ಲಿ ಸರ್ಕಾರವನ್ನು ಪ್ರಶ್ನೆ ಕೇಳಬಾರದು ಎನ್ನುವವರಿದ್ದಾರೆ. ನಮ್ಮ ದೇಶದ ಸಂಪ್ರದಾಯ ಅದಲ್ಲ. 1962ರಲ್ಲಿ ಚೀನಾದ ಜೊತೆ ಯುದ್ಧ ನಡೆಯುತ್ತಿರುವಾಗಲೇ ಸಂಸತ್ತನ್ನು ಬೇಗ ಕರೆಯಿರಿ ಎಂದು ಒತ್ತಾಯ ಮಾಡಿದವರಲ್ಲಿ ಆಗಿನ್ನೂ ಯುವಕರಾಗಿದ್ದ ಅಟಲ್ ಬಿಹಾರಿ ವಾಜಪೇಯಿ ಒಬ್ಬರು. ಪ್ರಧಾನಿ ನೆಹರೂ ಒಪ್ಪಿದರು. ನವೆಂಬರ್ 8ರಂದು ಸಂಸತ್ತು ಸೇರಿತು. ನೆಹರೂ ಅವರ ಮುಖದ ಮುಂದೆಯೇ ಟೀಕೆ ನಡೆಯಿತು. ಅದೇ ವಾಜಪೇಯಿ ಪ್ರಧಾನಿಯಾಗಿದ್ದಾಗ 1999ರ ಜುಲೈ 26ರಂದು ಕಾರ್ಗಿಲ್ ಯುದ್ಧ ಮುಗಿಯಿತು. ಮೂರೇ ದಿನದಲ್ಲಿ, ಜುಲೈ 29ಕ್ಕೆ, ನುಸುಳುಕೋರರು ಒಳಗೆ ಬಂದದ್ದು ಹೇಗೆ, ನಮಗೆ ಮೊದಲೇ ಯಾಕೆ ಗೊತ್ತಾಗಲಿಲ್ಲ ಎಂದು ನೋಡಲು ಕೆ. ಸುಬ್ರಹ್ಮಣ್ಯಂ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದರು. ಅದರ ವರದಿಯನ್ನು ಸಂಸತ್ತಿನ ಮುಂದೆ ಇಟ್ಟರು. ಸೋತಾಗ ಮಾತ್ರವಲ್ಲ, ಗೆದ್ದಾಗಲೂ ಪ್ರಶ್ನೆ ಕೇಳಿಕೊಂಡ ದೇಶ ನಮ್ಮದು. ಎರಡು ಬೇರೆ ಬೇರೆ ಪಕ್ಷದ ಪ್ರಧಾನಿಗಳ ಉದಾಹರಣೆ ಬೇಕೆಂದೇ ಕೊಟ್ಟಿದ್ದೇನೆ.

ಪ್ರಶ್ನೆಯನ್ನು ಮುಚ್ಚಿ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಶಾಲೆಯ ವಯಸ್ಸೇ ಸಾಕ್ಷಿ. ನಮ್ಮ ಶಾಲೆಗೆ ಈಗ ಐವತ್ತು. ಇದು ಶುರುವಾದ 1975ರಲ್ಲೇ, ಜೂನ್ 25ರ ರಾತ್ರಿ, ದೇಶದಲ್ಲಿ ತುರ್ತು ಪರಿಸ್ಥಿತಿ ಬಂತು. ಪತ್ರಿಕೆಗಳಿಗೆ ಸೆನ್ಸಾರ್ ಹಾಕಿದರು. ಸಂಸತ್ತಿನ ಸಮಿತಿಯ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರನ್ನು ಇಲ್ಲೇ ಬಂಧಿಸಿ ನಮ್ಮ ಸೆಂಟ್ರಲ್ ಜೈಲಿಗೆ ಹಾಕಿದರು. 'ಸಂಸ್ಕಾರ' ಸಿನಿಮಾದಲ್ಲಿ ಅಭಿನಯಿಸಿದ ಸ್ನೇಹಲತಾ ರೆಡ್ಡಿ ಅವರೂ ಅದೇ ಜೈಲಿನಲ್ಲಿದ್ದರು. ಅಸ್ತಮಾ ಕಾಯಿಲೆಯಿಂದ ನರಳಿ, ಪೆರೋಲ್ ಮೇಲೆ ಹೊರಗೆ ಬಂದ ಸ್ವಲ್ಪ ದಿನಕ್ಕೇ, 1977ರ ಜನವರಿಯಲ್ಲಿ ತೀರಿಕೊಂಡರು. ಆ ಜೈಲಿನ ಜಾಗವೇ ಈಗಿನ ಫ್ರೀಡಂ ಪಾರ್ಕ್. 21 ತಿಂಗಳು ನಡೆದ ಆ ಕಾಲ ಬಂದೂಕಿನಿಂದ ಮುಗಿಯಲಿಲ್ಲ. 1977ರ ಮಾರ್ಚ್‌ನಲ್ಲಿ ದೇಶದ ಜನ ಸಾಲಿನಲ್ಲಿ ನಿಂತು ಮತ ಹಾಕಿ ಮುಗಿಸಿದರು.

ಆ ಸಾಲಿನಲ್ಲಿ ನಿಲ್ಲುವುದು ಈಗ ನಮಗೆ ಬೇಜಾರು. 2024ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯದಲ್ಲಿ 81%ಕ್ಕೂ ಹೆಚ್ಚು ಜನ ಮತ ಹಾಕಿದರು. ಅದೇ ಏಪ್ರಿಲ್ 26ರಂದು ಬೆಂಗಳೂರು ದಕ್ಷಿಣದಲ್ಲಿ ಹಾಕಿದವರು ಸುಮಾರು 53%. ಉತ್ತರ, ಕೇಂದ್ರ ಕ್ಷೇತ್ರಗಳದ್ದೂ ಹೆಚ್ಚು ಕಡಿಮೆ ಅದೇ ಕಥೆ. ಅವತ್ತು ಶುಕ್ರವಾರ. ಶನಿವಾರ, ಭಾನುವಾರ ಸೇರಿ ಮೂರು ದಿನ ರಜೆ. ನನ್ನ ಸಹೋದ್ಯೋಗಿಗಳಲ್ಲಿ ಹಲವರು ಗುರುವಾರ ರಾತ್ರಿಯೇ ಚಿಕ್ಕಮಗಳೂರು, ಮಡಿಕೇರಿ ದಾರಿ ಹಿಡಿದರು. ಮುಂದಿನ ವರ್ಷ ಮೇ ತಿಂಗಳಲ್ಲಿ ಅವರಲ್ಲೇ ಕೆಲವರು ದೇಶಭಕ್ತಿಯ ಸ್ಟೇಟಸ್ ಹಾಕಿಕೊಂಡಿದ್ದನ್ನು ನೋಡಿದೆ. ದೇಶಭಕ್ತಿ ತಪ್ಪಲ್ಲ. ಆದರೆ ಸ್ಟೇಟಸ್ 24 ಗಂಟೆಗೆ ಅಳಿಸಿ ಹೋಗುತ್ತದೆ.

ಮತಗಟ್ಟೆಯಲ್ಲಿ ಬೆರಳಿಗೆ ಹಚ್ಚುವ ಶಾಯಿ ಅಷ್ಟು ಬೇಗ ಹೋಗುವುದಿಲ್ಲ. ಅದು ಎಲ್ಲಿಂದ ಬರುತ್ತದೆ ಗೊತ್ತೇ? ಮೈಸೂರಿನಿಂದ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು 1937ರಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಸ್ಥಾಪಿಸಿದರು. ಅದೇ ಇವತ್ತಿನ ಮೈಸೂರು ಪೇಯಿಂಟ್ಸ್ ಅಂಡ್ ವಾರ್ನಿಷ್. 1962ರ ಚುನಾವಣೆಯಿಂದ ಇಡೀ ದೇಶದ ಬೆರಳಿಗೆ ಶಾಯಿ ಒದಗಿಸುತ್ತಿರುವುದು ಅದೇ ಕಾರ್ಖಾನೆ. ಶಾಯಿ ತಯಾರಿಸುವ ರಾಜ್ಯದ ರಾಜಧಾನಿಯಲ್ಲಿ ಅರ್ಧದಷ್ಟು ಬೆರಳು ಖಾಲಿ!

"ನನ್ನ ಒಂದು ಓಟಿನಿಂದ ಏನಾಗುತ್ತದೆ" ಎನ್ನುವವರಿಗೆ ಎರಡು ಲೆಕ್ಕ ಹೇಳುತ್ತೇನೆ. 2004ರಲ್ಲಿ, ನಾನು ಇಲ್ಲಿ ಒಂಬತ್ತನೇ ತರಗತಿ ಮುಗಿಸಿದ ಬೇಸಿಗೆಯಲ್ಲಿ, ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರಿಗೆ ಬಿದ್ದದ್ದು 40,752 ಮತ, ಎದುರಾಳಿ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು ಮತದ ಅಂತರ. ದೂರದ ಊರು ಅನ್ನಬೇಡಿ, 2023ರಲ್ಲಿ ನಮ್ಮ ಬೆಂಗಳೂರಿನ ಜಯನಗರದಲ್ಲಿ ಫಲಿತಾಂಶ ತೀರ್ಮಾನವಾದದ್ದು 16 ಮತಗಳಿಂದ. ಒಂದು ಬಿಎಂಟಿಸಿ ಬಸ್ಸಿನಲ್ಲಿ ನಿಂತು ಪ್ರಯಾಣ ಮಾಡುವವರು ಅದಕ್ಕಿಂತ ಹೆಚ್ಚು ಇರುತ್ತಾರೆ.

ದೆಹಲಿಯ ವಿಷಯ ಬಿಟ್ಟು ನಮ್ಮ ಬೀದಿಗೆ ಬರೋಣ. ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. ಆಗ ಆಯ್ಕೆಯಾದ 198 ಕಾರ್ಪೊರೇಟರ್‌ಗಳ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಐದು ವರ್ಷದ ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಮುಗಿಸಬೇಕು ಎಂದು ಸಂವಿಧಾನದ 74ನೇ ತಿದ್ದುಪಡಿ ಸ್ಪಷ್ಟವಾಗಿ ಹೇಳುತ್ತದೆ. ಆದರೆ ವಾರ್ಡ್ ವಿಂಗಡಣೆ, ಮೀಸಲಾತಿ, ಕೋರ್ಟು ಕಚೇರಿ ಅಂತ ಐದು ವರ್ಷ ದಾಟಿತು. ಈ ನಡುವೆ ಬೇರೆ ಬೇರೆ ಪಕ್ಷಗಳ ಸರ್ಕಾರಗಳು ಬಂದವು, ಹೋದವು. 2025ರಲ್ಲಿ ಬಿಬಿಎಂಪಿಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, ಸೆಪ್ಟೆಂಬರ್‌ನಲ್ಲಿ ಐದು ಪಾಲಿಕೆಗಳಾದವು. ನಾನು ಈ ಮಾತು ಆಡುವ ಹೊತ್ತಿಗೂ ಯಾವುದಕ್ಕೂ ಜನ ಆರಿಸಿದ ಒಬ್ಬ ಸದಸ್ಯನೂ ಇಲ್ಲ. ಒಂದು ಕೋಟಿಗಿಂತ ಹೆಚ್ಚು ಜನ ಇರುವ ಊರನ್ನು ಐದು ವರ್ಷದಿಂದ ಅಧಿಕಾರಿಗಳೇ ನಡೆಸುತ್ತಿದ್ದಾರೆ.

ಇದು ನಮಗೆ ಹೇಗೆ ತಟ್ಟುತ್ತದೆ? ನಮ್ಮ ರಸ್ತೆಯಲ್ಲಿ ಮೋರಿಯ ಮೇಲಿನ ಕಲ್ಲುಚಪ್ಪಡಿ ಒಡೆದು ಬಿದ್ದಿತ್ತು. ಮಕ್ಕಳು ಶಾಲೆಗೆ ಹೋಗುವ ದಾರಿ. ಒಂದು ಕಚೇರಿಗೆ ಹೋದೆವು, ಇದು ನಮ್ಮದಲ್ಲ ಅಂದರು. ಇನ್ನೊಂದಕ್ಕೆ ಹೋದೆವು, ಸಾಹೇಬರು ಸೈಟಿಗೆ ಹೋಗಿದ್ದಾರೆ ಅಂದರು. ಕೊನೆಗೆ ಬೀದಿಯವರೇ ದುಡ್ಡು ಹಾಕಿ ಚಪ್ಪಡಿ ತಂದು ಹಾಕಿಸಿದೆವು. ಹಿಂದಿನ ಕಾರ್ಪೊರೇಟರ್‌ಗಳೆಲ್ಲ ಸತ್ಯಹರಿಶ್ಚಂದ್ರರು ಅಂತ ನಾನು ಹೇಳುವುದಿಲ್ಲ. ಆದರೆ ಬೆಳಿಗ್ಗೆ ಆರು ಗಂಟೆಗೆ ಅವರ ಮನೆ ಬಾಗಿಲಲ್ಲಿ ನಿಂತು ಬೈಯಬಹುದಾಗಿತ್ತು. ಮುಂದಿನ ಸಲ ಓಟು ಕೇಳಲು ಬರಬೇಕಲ್ಲ ಎಂಬ ಅಳುಕಾದರೂ ಅವರಿಗಿತ್ತು. ಆ ಅಳುಕೇ ಪ್ರಜಾಪ್ರಭುತ್ವದ ಜೀವಾಳ. ಅದು ನಮ್ಮ ಕೈತಪ್ಪಿ ಐದು ವರ್ಷ ಆಯಿತು. ಇದರ ಬಗ್ಗೆ ನಮ್ಮ ಯಾವ ವಾಟ್ಸಾಪ್ ಗ್ರೂಪಿನಲ್ಲೂ ಜೋರು ಚರ್ಚೆ ಆಗಲಿಲ್ಲ. ಕರಾಚಿ ಬಂದರಿನ ಬಗ್ಗೆ ರಾತ್ರಿಯಿಡೀ ಆಯಿತು.

ನಮ್ಮ ಪಶ್ಚಿಮ ಬೆಂಗಳೂರಿನ ಉದ್ದಕ್ಕೂ ವೃಷಭಾವತಿ ಹರಿಯುತ್ತದೆ. ನದಿ ಅಂದರೆ ಮಕ್ಕಳು ನಗುತ್ತಾರೆ, ಮೋರಿ ಅಂದುಕೊಂಡಿದ್ದಾರೆ. ನಮ್ಮ ಮನೆಗಳ, ಕಾರ್ಖಾನೆಗಳ ಕೊಳೆ ಹೊತ್ತು ಕೆಂಗೇರಿ ದಾಟಿ ಬೈರಮಂಗಲದ ಕೆರೆಗೆ ಹೋಗುತ್ತದೆ. ಅಲ್ಲಿನ ರೈತರು ಆ ನೀರಿನಲ್ಲೇ ಬೆಳೆ ತೆಗೆಯಬೇಕು. ಅವರಿಗೆ ತೊಂದರೆ ಕೊಡುತ್ತಿರುವುದು ಯಾವ ಶತ್ರು ದೇಶವೂ ಅಲ್ಲ, ನಾವೇ.

ಈಗ ನನ್ನ ಕೆಲಸಕ್ಕೆ ಸಂಬಂಧಿಸಿದ ಒಂದು ವಿಷಯ. ಸುಳ್ಳುಸುದ್ದಿ ಬರೀ ಯುದ್ಧದ ಕಾಲದ ಕಾಯಿಲೆ ಅಲ್ಲ, ನಮ್ಮ ನಾಡು ಅದರ ಪೆಟ್ಟು ತಿಂದಿದೆ. 2012ರ ಆಗಸ್ಟ್‌ನಲ್ಲಿ, ನಾನು ಕೆಲಸಕ್ಕೆ ಸೇರಿ ಒಂದು ವರ್ಷ ಆಗಿತ್ತು, ಈಶಾನ್ಯ ರಾಜ್ಯಗಳವರ ಮೇಲೆ ದಾಳಿ ಆಗುತ್ತದೆ ಎಂಬ ಗಾಳಿಸುದ್ದಿ ಎಸ್ಸೆಮ್ಮೆಸ್‌ಗಳಲ್ಲಿ ಹರಡಿತು. ಸೆಕ್ಯೂರಿಟಿ ಗಾರ್ಡುಗಳು, ಹೋಟೆಲಿನ ಹುಡುಗರು, ಓದಲು ಬಂದ ಹೆಣ್ಣುಮಕ್ಕಳು ಸಾವಿರಾರು ಜನ ಮೆಜೆಸ್ಟಿಕ್ಕಿನ ರೈಲು ನಿಲ್ದಾಣದಲ್ಲಿ ತುಂಬಿಕೊಂಡರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಕೇಂದ್ರ ಸರ್ಕಾರ ಒಂದೇ ಸಲಕ್ಕೆ ಐದಕ್ಕಿಂತ ಹೆಚ್ಚು ಜನರಿಗೆ ಸಂದೇಶ ಹೋಗದಂತೆ 15 ದಿನ ತಡೆ ಹಾಕಿತು.

2018ರ ಮೇ ತಿಂಗಳಲ್ಲಿ ಮಕ್ಕಳ ಕಳ್ಳ ಎಂಬ ಸುಳ್ಳುಸುದ್ದಿ ನಂಬಿ ಚಾಮರಾಜಪೇಟೆಯಲ್ಲಿ ಹೊಟ್ಟೆಪಾಡಿಗೆ ಬಂದ ರಾಜಸ್ಥಾನದ ಯುವಕನನ್ನು ಜನ ಹೊಡೆದು ಕೊಂದರು. ಅದೇ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದ ಬಳಿ ಹೈದರಾಬಾದಿನ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಕೂಡ ಅದೇ ರೀತಿ ಸತ್ತರು. ಶಾಲೆಯಿಂದ ಬರುತ್ತಿದ್ದ ಮಕ್ಕಳಿಗೆ ಚಾಕಲೇಟ್ ಕೊಟ್ಟದ್ದೇ ಕಾರಣವಾಯಿತು. ನನ್ನದೇ ಕೆಲಸ, ಹೆಚ್ಚು ಕಡಿಮೆ ನನ್ನದೇ ವಯಸ್ಸು. ಇಂಥ ಸಾವುಗಳ ನಂತರವೇ ವಾಟ್ಸಾಪ್ ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆ ಮಾತ್ರ ಫಾರ್ವರ್ಡ್ ಮಾಡುವಂತೆ ಮಿತಿ ಹಾಕಿದ್ದು. 2020ರಲ್ಲಿ, ಬಹಳ ಕೈ ದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳಿಸುವಂತೆ ಮಾಡಿದರು. ಅಂಥ ಸಂದೇಶದ ಮೇಲೆ ಎರಡು ಬಾಣದ ಗುರುತು ಇರುತ್ತದೆ. ಅದರ ಅರ್ಥ, ಇದನ್ನು ಬರೆದವರು ಯಾರೋ ಕಳಿಸಿದವರಿಗೂ ಗೊತ್ತಿಲ್ಲ.

ಎಂಜಿನಿಯರ್ ಆಗಿ ಹೇಳುತ್ತೇನೆ, ಎಂಜಿನಿಯರುಗಳು ಮಾಡಬಹುದಾದದ್ದು ಇಷ್ಟೇ. ಬಾಣ ತೋರಿಸಬಹುದು, ಐದನ್ನು ಒಂದಕ್ಕೆ ಇಳಿಸಬಹುದು. ಆ ಒಂದನ್ನು ಒತ್ತುವ ಬೆರಳು ನಿಮ್ಮದು. ಅದಕ್ಕೆ ಯಾವ ಸಾಫ್ಟ್‌ವೇರೂ ಕಾವಲು ನಿಲ್ಲಲಾರದು.

ಕೊನೆಗೆ ಮೂರು ಬೇಡಿಕೆ ಇಟ್ಟು ಮುಗಿಸುತ್ತೇನೆ.

ಮೊದಲನೆಯದು ಹಳೆಯ ವಿದ್ಯಾರ್ಥಿಗಳಿಗೆ. ನಮ್ಮ ಪಾಲಿಕೆ ಚುನಾವಣೆ ಇವತ್ತಲ್ಲ ನಾಳೆ ಬಂದೇ ಬರುತ್ತದೆ. ಅದರ ದಿನಾಂಕ ಗೊತ್ತಾದ ಮೇಲೆ ಪ್ರವಾಸದ ಟಿಕೆಟ್ ನೋಡಿ. ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು ಇದೆಯೇ ಎಂದು ಈ ವಾರವೇ ನೋಡಿಕೊಳ್ಳಿ. ಮನೆ ಬದಲಾಯಿಸಿದವರ ಹೆಸರು ಹಳೆಯ ವಿಳಾಸದಲ್ಲೇ ಉಳಿದಿರುತ್ತದೆ. ಗೆದ್ದು ಬಂದವರನ್ನು ವರ್ಷಕ್ಕೆ ಒಂದು ಸಲವಾದರೂ ಇದೇ ಶಾಲೆಯ ಅಂಗಳಕ್ಕೆ ಕರೆಸಿ, ಮುಂದೆ ಕೂರಿಸಿಕೊಂಡು ಲೆಕ್ಕ ಕೇಳೋಣ. ಹಾರ ಆಮೇಲೆ ಹಾಕಿದರಾಯಿತು.

ಎರಡನೆಯದು ಊರಿನವರಿಗೆ. ಕಳೆದ ದಸರಾ ರಜೆಯಲ್ಲಿ ಸರ್ಕಾರಿ ಶಾಲೆಗಳ ಮೇಷ್ಟ್ರುಗಳು, ಮೇಡಂಗಳು ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಮನೆ ಮನೆ ಸುತ್ತಿದರು. ಚುನಾವಣೆ ಬಂದರೂ ಅವರೇ, ಜನಗಣತಿ ಬಂದರೂ ಅವರೇ. ಬೆಂಗಳೂರಿನಲ್ಲಿ ಎಷ್ಟೋ ಮನೆಯವರು ಬಾಗಿಲನ್ನೇ ತೆಗೆಯಲಿಲ್ಲ, ಗೇಟಿನ ಹೊರಗೇ ಮಾತಾಡಿಸಿ ಕಳಿಸಿದರು. ಸಮೀಕ್ಷೆಯ ಪ್ರಶ್ನೆಗಳಿಗೆ ಉತ್ತರ ಕೊಡುವುದು ಬಿಡುವುದು ನಿಮ್ಮ ಇಷ್ಟ. ಆದರೆ ನಿಮ್ಮ ಮಕ್ಕಳಿಗೆ ಅಕ್ಷರ ಕಲಿಸಿದವರು ಬಾಗಿಲಲ್ಲಿ ನಿಂತಾಗ ಒಂದು ಲೋಟ ನೀರು ಕೊಟ್ಟು ಕೂರಿಸಿ. ಸರ್ಕಾರ ನಮ್ಮ ಮನೆಗೆ ನಡೆದುಕೊಂಡು ಬರುವುದು ಅವರ ರೂಪದಲ್ಲಿ ಮಾತ್ರ.

ಮೂರನೆಯದು ಮಕ್ಕಳಿಗೆ. ನಾನು ಹುಟ್ಟಿದ 1989ರಲ್ಲೇ ಮತ ಹಾಕುವ ವಯಸ್ಸು 21ರಿಂದ 18ಕ್ಕೆ ಇಳಿಯಿತು. ನೀವು 17 ತುಂಬಿದ ತಕ್ಷಣ ಮುಂಚಿತವಾಗಿ ಅರ್ಜಿ ಕೊಡಬಹುದು, ಅದಕ್ಕೆ ನಮೂನೆ 6 ಎನ್ನುತ್ತಾರೆ. ಹತ್ತನೇ ತರಗತಿಯವರಿಗೆ ಇನ್ನು ಒಂದೆರಡು ವರ್ಷ ಅಷ್ಟೇ. ಅಲ್ಲಿಯವರೆಗೆ ಸುಮ್ಮನೆ ಇರಬೇಕಿಲ್ಲ. ಮನೆಯಲ್ಲಿ ಅಪ್ಪ, ಅಮ್ಮ, ಅಜ್ಜಿ ಫೋನಿನಲ್ಲಿ ಏನಾದರೂ ಬಂತು ಅಂತ ಗಾಬರಿಯಾದರೆ, ಹತ್ತು ನಿಮಿಷ ಕೂತು ನಿಜವೋ ಸುಳ್ಳೋ ಹುಡುಕಿ ಹೇಳಿ. ಅದಕ್ಕೆ ಬಿಇ ಓದಬೇಕಾಗಿಲ್ಲ. ಆ ಚಿತ್ರ ಮೊದಲು ಯಾವಾಗ ಬಂದದ್ದು, ಬೇರೆ ಎರಡು ಪತ್ರಿಕೆಗಳಲ್ಲಿ ಇದೆಯೇ, ಹೇಳಿದವರ ಹೆಸರು ಇದೆಯೇ, ಇಷ್ಟು ನೋಡಿದರೆ ಸಾಕು. ನಿಮ್ಮಲ್ಲಿ ಕೆಲವರು ನನ್ನ ಗೆಳೆಯನಂತೆ ಸೈನ್ಯಕ್ಕೆ ಹೋಗಬಹುದು. ಹೋದರೆ ಈ ಶಾಲೆಗೆ ಹೆಮ್ಮೆ. ಹೋಗದೆ ಇಲ್ಲೇ ಉಳಿಯುವವರಿಗೂ ಕೆಲಸ ಇದೆ. ಗಡಿಯಲ್ಲಿ ಇರುವವರು ದೇಶವನ್ನು ಕಾಯುತ್ತಾರೆ. ಅವರು ರಜೆಗೆ ಊರಿಗೆ ಬಂದಾಗ ಕಾಯುವುದಕ್ಕೆ ಯೋಗ್ಯವಾದ ಊರು ಇಲ್ಲಿರುವಂತೆ ನೋಡಿಕೊಳ್ಳುವುದು ನಮ್ಮ ಪಾಲಿನ ಕಾವಲು.

 ಶಾಲೆ ನೂರು ವರ್ಷ ಬಾಳಲಿ. ಸಿರಿಗನ್ನಡಂ ಗೆಲ್ಗೆ. ಜೈ ಹಿಂದ್, ಜೈ ಕರ್ನಾಟಕ.